ಬಿಗ್ ಗ್ರಾಂಟ್‌ಗೆ ಅರ್ಜಿ ಹಾಕಲು ಕಂಪನಿ ಈಗಲೇ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಹಾಲುಪಟ್ಟಿ:
ಎಲ್ಲರಿಗೂ ನಮಸ್ಕಾರ. ಹಸುವಿಗೆ ಕೆಚ್ಚಲು ಬಾವು ಶುರುವಾಗಿದೆಯಾ ಅಂತ ಹಾಲಿನ ಹನಿಯಲ್ಲೇ ತೋರಿಸುವ ಪಟ್ಟಿಯೊಂದನ್ನು ನಾನೂ ನನ್ನ ಗೆಳತಿಯೂ ಮಾಡುತ್ತಿದ್ದೇವೆ. ನಾನು ಕೆಲಸ ಬಿಟ್ಟಾಗಿದೆ. ಅವಳು ಇನ್ನೂ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಬೈರಾಕ್, ಅಂದರೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ನೆರವು ಸಂಸ್ಥೆ, ಹೊಸ ಆವಿಷ್ಕಾರಗಳಿಗೆ ಕೊಡುವ ಬಿಗ್ ಗ್ರಾಂಟ್‌ಗೆ ಅರ್ಜಿ ಹಾಕುವ ಯೋಚನೆ ಇದೆ. ಈಗಲೇ ಕಂಪನಿ ಮಾಡಿಸಬೇಕಾ, ವ್ಯಕ್ತಿಯಾಗಿ ಹಾಕಿ ಆಮೇಲೆ ಮಾಡಿಸಿದರೆ ನಡೆಯುತ್ತಾ? ಪ್ರೈವೇಟ್ ಲಿಮಿಟೆಡ್ ಒಳ್ಳೆಯದಾ, ಎಲ್‌ಎಲ್‌ಪಿಯಾ (ಪಾಲುದಾರರ ಹೊಣೆಗೆ ಮಿತಿ ಇರುವ ಪಾಲುದಾರಿಕೆ)? ಕೈಯಲ್ಲಿ ದುಡ್ಡು ಕಮ್ಮಿ ಇದೆ.

ಪಿಪೆಟ್ಟು:
ಕಂಪನಿ ಹುಟ್ಟಿಸುವುದು ಸುಲಭ, ಸಾಕುವುದೇ ಕಷ್ಟ. 15 ಲಕ್ಷದವರೆಗಿನ ಅಧಿಕೃತ ಬಂಡವಾಳಕ್ಕೆ (ಕಂಪನಿ ಹೊರಡಿಸಬಹುದಾದ ಷೇರಿನ ಗರಿಷ್ಠ ಮೊತ್ತ) ನೋಂದಣಿ ಶುಲ್ಕ ಸೊನ್ನೆ ಅಂತ ಎಲ್ಲ ಕಡೆ ಹಾಕಿರುತ್ತಾರೆ. ನಾನು ಕೊಟ್ಟಿದ್ದು ಕೇಳಿ. ಹೆಸರು ಕಾಯ್ದಿರಿಸಲು 1,000. ಅದು ಯಾರದೋ ಟ್ರೇಡ್‌ಮಾರ್ಕ್‌ಗೆ ಹತ್ತಿರ ಇದೆಯಂತೆ, ತಿರಸ್ಕಾರ. ಮತ್ತೆ 1,000. ಇಬ್ಬರ ಡಿಎಸ್‌ಸಿಗೆ, ಅಂದರೆ ಡಿಜಿಟಲ್ ಸಹಿಗೆ, 3,600. ಸಿಎ ಫೀಸು 12,000. ಸ್ಟಾಂಪ್ ಡ್ಯೂಟಿ ಬೇರೆ.

ಆಮೇಲೆ ಬ್ಯಾಂಕು. ನೋಂದಾಯಿತ ವಿಳಾಸ ಬಾಡಿಗೆ ಮನೆಯದು. ಮಾಲೀಕರ ಒಪ್ಪಿಗೆ ಪತ್ರ ಕೊಟ್ಟರೂ ಖಾತೆ ತೆರೆಯಲು ತಿಂಗಳುಗಟ್ಟಲೆ ಎಳೆದರು. ಖಾತೆ ಇಲ್ಲದೆ ಷೇರು ಹಣ ಜಮಾ ಆಗುವುದಿಲ್ಲ. ಅದು ಜಮಾ ಆಗದೆ ಐಎನ್‌ಸಿ-20ಎ, ಅಂದರೆ ವ್ಯವಹಾರ ಶುರು ಮಾಡುವ ಘೋಷಣೆಯ ಫಾರ್ಮು, ಹಾಕಲಾಗುವುದಿಲ್ಲ. ಅದಕ್ಕೆ ಇರುವುದು 180 ದಿನ. ತಪ್ಪಿದರೆ ಕಾನೂನಿನಲ್ಲಿ ಕಂಪನಿಗೆ 50,000 ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಒಂದು ಲಕ್ಷದವರೆಗೆ. ನಮ್ಮ ಸಿಎ ಸಾಹೇಬರು ಇದನ್ನು ನೆನಪಿಸಿದ್ದು ಗಡುವು ಇನ್ನೇನು ಮುಗಿಯಿತು ಅನ್ನುವಾಗ.

ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ಆಡಿಟ್ ಮಾಡಿಸಲೇಬೇಕು. ನನಗೆ ವರ್ಷಕ್ಕೆ ಆಡಿಟ್ 20,000, ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಫೈಲಿಂಗ್ 9,000. ಎಒಸಿ-4 (ಲೆಕ್ಕಪತ್ರ), ಎಂಜಿಟಿ-7ಎ (ವಾರ್ಷಿಕ ರಿಟರ್ನ್) ತಡವಾದರೆ ಒಂದೊಂದಕ್ಕೂ ದಿನಕ್ಕೆ 100. ಅದಕ್ಕೆ ಮಿತಿಯೇ ಇಲ್ಲ. ಇದೆಲ್ಲ ನಡೆಯುವಾಗ ಲ್ಯಾಬಿನಲ್ಲಿ ತೋರಿಸುವಂಥ ಫಲಿತಾಂಶ ಇನ್ನೂ ಬಂದಿರಲಿಲ್ಲ. ಬರುವ ಹೊತ್ತಿಗೆ ಹೊಸ ಕಂಪನಿಗಳಿಗೆ ಕೇಂದ್ರದ ಆರಂಭಿಕ ನೆರವಾದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಕಂಪನಿಯ ವಯಸ್ಸಿಗೆ ಇರುವ ಎರಡು ವರ್ಷದ ಮಿತಿ ದಾಟಿತ್ತು.

ಎಲ್‌ಎಲ್‌ಪಿ ಸುಖಿ:
ಇದಕ್ಕೇ ನಾನು ಎಲ್‌ಎಲ್‌ಪಿ ಮಾಡಿಸಿದ್ದು. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಲ್ಲಿ ಆಡಿಟ್ ಬೇಡ. ಮೇ 30ಕ್ಕೆ ಫಾರ್ಮ್ 11 (ವಾರ್ಷಿಕ ರಿಟರ್ನ್), ಅಕ್ಟೋಬರ್ 30ಕ್ಕೆ ಫಾರ್ಮ್ 8 (ಲೆಕ್ಕಪತ್ರ), ಒಂದು ಐಟಿ ರಿಟರ್ನ್, ಮುಗಿಯಿತು. ವರ್ಷದ ಖರ್ಚು ಎಲ್ಲ ಸೇರಿ 8,500. ಬಿಗ್‌ಗೆ ಎಲ್‌ಎಲ್‌ಪಿ ನಡೆಯುತ್ತದೆ, ಡಿಪಿಐಐಟಿಯ (ಕೇಂದ್ರದ ಕೈಗಾರಿಕಾ ಇಲಾಖೆ) ಸ್ಟಾರ್ಟಪ್ ಮಾನ್ಯತೆಯೂ ಸಿಗುತ್ತದೆ. ಪ್ರೈವೇಟ್ ಲಿಮಿಟೆಡ್ ಅಂತ ಬೋರ್ಡು ಹಾಕಿಕೊಳ್ಳುವ ಚಪಲಕ್ಕೆ ಯಾಕೆ ದುಡ್ಡು ಸುರಿಯಬೇಕು?

ಲ್ಯಾಬ್ ಕೋಟು:
ಸುಖಿಯವರೇ, ನಿಮ್ಮ ಬಾಗಿಲಿಗೆ ಇನ್ನೂ ಹಣ ಹಾಕುವವರು ಬಂದಿಲ್ಲ, ಅದಕ್ಕೇ ಸುಖವಾಗಿದ್ದೀರಿ. ನಮ್ಮದೂ ಎಲ್‌ಎಲ್‌ಪಿಯೇ ಆಗಿತ್ತು, ಅದರಲ್ಲೇ ಗ್ರಾಂಟ್ ಬಂತು. ಪ್ರಾಜೆಕ್ಟ್ ಅರ್ಧ ಆಗಿದ್ದಾಗ ಹೂಡಿಕೆದಾರರು ಸಿಕ್ಕರು. ಎಲ್‌ಎಲ್‌ಪಿಯಲ್ಲಿ ಷೇರು ಇಲ್ಲ, ನಾವು ದುಡ್ಡು ಹಾಕಲ್ಲ ಅಂದರು. ಪರಿವರ್ತನೆಗೆ 85,000 ಹೋಯಿತು. ದುಡ್ಡು ಹೋಗಲಿ ಬಿಡಿ. ಗ್ರಾಂಟ್ ಒಪ್ಪಂದ ಹಳೆಯ ಹೆಸರಲ್ಲಿತ್ತು. ಪ್ಯಾನ್ ಹೊಸದು, ಜಿಎಸ್‌ಟಿ ಹೊಸದು, ಬ್ಯಾಂಕ್ ಖಾತೆ ಹೊಸದು. ಗ್ರಾಂಟ್‌ಗೆಂದೇ ತೆರೆದ ನೋ-ಲಿಯನ್ ಖಾತೆಯನ್ನೂ (ಬ್ಯಾಂಕು ತನ್ನ ಬಾಕಿಗೆ ಹಿಡಿಯಲಾಗದ ಖಾತೆ) ಮತ್ತೆ ಮಾಡಿಸಬೇಕಾಯಿತು. ಅಷ್ಟರವರೆಗೆ ಮುಂದಿನ ಕಂತು ನಿಂತಿತ್ತು. ಸಂಶೋಧನಾ ಸಹಾಯಕನಿಗೆ ಸಂಬಳ ನನ್ನ ಹೆಂಡತಿಯ ಉಳಿತಾಯದಿಂದ ಕೊಟ್ಟೆ.

ಎಲ್‌ಎಲ್‌ಪಿ ಸುಖಿ:
ಎಲ್ಲರೂ ಹೂಡಿಕೆದಾರರ ಬಾಗಿಲು ಕಾಯಲೇಬೇಕು ಅಂತ ಎಲ್ಲಿ ಬರೆದಿದೆ? ನಾನು ಮಾಡುವುದು ಬೀಜೋಪಚಾರದ ಜೈವಿಕ ಗೊಬ್ಬರ. ಮಾರಿ ಬದುಕುತ್ತೇನೆ.

ಲ್ಯಾಬ್ ಕೋಟು:
ಮಾರಿ ಬದುಕಿ, ಸಂತೋಷ. ಲಾಭ ಬಂದಾಗ ಎಲ್‌ಎಲ್‌ಪಿಗೆ ನೇರ ಶೇ. 30 ತೆರಿಗೆ, ಕಂಪನಿಗೆ ಶೇ. 22ರ ಆಯ್ಕೆ ಇದೆ. ಆಗ ಬಂದು ಮಾತಾಡಿ.

ತುಂಗೆಯ ದಡ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ನಾನು ಏನನ್ನೂ ನೋಂದಾಯಿಸದೆ ಶುರು ಮಾಡಿದವಳು. ಮೊದಲು ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆಗೆ ವ್ಯಕ್ತಿಯಾಗಿ ಅರ್ಜಿ ಹಾಕಿದೆ. ಅದರಲ್ಲಿ 10 ಲಕ್ಷದವರೆಗೆ ಸಿಗುತ್ತದೆ, ಮೂಲಮಾದರಿ ಮಾಡಲು ಸಾಕು. ಬಿಗ್‌ಗೂ ವ್ಯಕ್ತಿಯಾಗಿಯೇ ಹಾಕಿದೆ, ಇನ್‌ಕ್ಯುಬೇಟರ್ (ಹೊಸ ಉದ್ಯಮಗಳಿಗೆ ಆಸರೆ ಕೊಟ್ಟು ಬೆಳೆಸುವ ಕೇಂದ್ರ) ಜೊತೆಗಿತ್ತು. ಆಯ್ಕೆಯಾಯಿತು ಅಂತ ಗೊತ್ತಾದ ಮೇಲೆ ಪ್ರೈವೇಟ್ ಲಿಮಿಟೆಡ್ ಮಾಡಿಸಿದೆ. ಬಿಗ್‌ಗೆ ಕಂಪನಿಯ ವಯಸ್ಸು ಐದು ವರ್ಷ ದಾಟಿರಬಾರದು, ಸೀಡ್ ಫಂಡ್‌ಗೆ ಎರಡು. ಕಂಪನಿಯೇ ಇಲ್ಲದಿದ್ದರೆ ಯಾವ ಗಡಿಯಾರವೂ ಓಡುವುದಿಲ್ಲ.

ನನ್ನನ್ನು ಅರೆದದ್ದು ನಾನು ಕೆಲಸದಲ್ಲಿದ್ದ ಕಾಲೇಜು. ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೊಡಲು ಆಡಳಿತ ಮಂಡಳಿ ಪೇಟೆಂಟ್‌ನಲ್ಲಿ ಪಾಲು ಕೇಳಿತು. ನಾನು ಆ ಲ್ಯಾಬಿನ ಒಂದು ಟೆಸ್ಟ್ ಟ್ಯೂಬನ್ನೂ ಮುಟ್ಟಿರಲಿಲ್ಲ! ಕೊನೆಗೆ ವಕೀಲರ ಕೈಯಲ್ಲಿ ಪತ್ರ ಬರೆಸಿದೆ, 15,000. ರಾಜೀನಾಮೆ ಪತ್ರವನ್ನೂ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಪಿಪೆಟ್ಟು:
ಮೇಡಂ, ಬಿಗ್ ತೆಗೆದುಕೊಂಡ ಮೇಲೆ ಸೀಡ್ ಫಂಡ್ ಎಲ್ಲಿ ಸಿಗುತ್ತದೆ? ಬೇರೆ ಸರ್ಕಾರಿ ಯೋಜನೆಯಲ್ಲಿ 10 ಲಕ್ಷಕ್ಕಿಂತ ಜಾಸ್ತಿ ಹಣ ಪಡೆದವರಿಗೆ ಅದು ಇಲ್ಲ. ನಿಮ್ಮ ಗಡಿಯಾರ ನಿಂತಿದ್ದರೂ ಆ ಬಾಗಿಲು ಮುಚ್ಚಿತ್ತು.

ತುಂಗೆಯ ದಡ:
50 ಲಕ್ಷದವರೆಗಿನ ಗ್ರಾಂಟ್ ಇರುವಾಗ ನನಗೆ 20 ಲಕ್ಷದ ಬಾಗಿಲು ಯಾಕೆ ಸ್ವಾಮಿ?

ಬಯಲುಸೀಮೆ ಬಯೋ:
ನಾನು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಒಂದನ್ನೇ ಮಾಡಿಸಿದ್ದೆ, 2,999 ಕೊಟ್ಟು. ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬನೇ ಮಾಲೀಕನ ವ್ಯಾಪಾರ. ಸರ್ಕಾರದ ಸರ್ಟಿಫಿಕೇಟ್ ಇದೆಯಲ್ಲ, ಗ್ರಾಂಟ್ ಸಿಗುತ್ತದೆ ಅಂದಿದ್ದ ಏಜೆಂಟ್. ಬಿಗ್‌ಗೆ ಪ್ರೊಪ್ರೈಟರ್‌ಶಿಪ್ ನಡೆಯುವುದೇ ಇಲ್ಲವಂತೆ.

ಎಲ್‌ಎಲ್‌ಪಿ ಸುಖಿ:
ಉದ್ಯಮ್ ಪೂರ್ತಿ ಉಚಿತ ಕಣ್ರೀ. ಆಧಾರ್ ಇದ್ದರೆ ಕೂತಲ್ಲೇ ಆಗುತ್ತದೆ. 2,999 ಯಾವ ಲೆಕ್ಕಕ್ಕೆ ಕೊಟ್ಟಿರಿ?

ಬಯಲುಸೀಮೆ ಬಯೋ:
ಆ ವೆಬ್‌ಸೈಟು ನೋಡಲು ಸರ್ಕಾರದ್ದೇ ಥರ ಇತ್ತು, ಸಿಂಹದ ಗುರುತೂ ಇತ್ತು. ನಗುವವರು ನಗಿ. ಬೆಂಗಳೂರಿನಲ್ಲಿ ಕೂತವರಿಗೆ ಪಕ್ಕದಲ್ಲೇ ಇನ್‌ಕ್ಯುಬೇಟರ್, ಪಕ್ಕದಲ್ಲೇ ಸಿಎ. ನಮಗೆ ಇರುವುದು ಜೆರಾಕ್ಸ್ ಅಂಗಡಿ.

ಬ್ಯಾಲೆನ್ಸ್ ಶೀಟ್:
ನಾನು ಸಿಎ. ಎಲ್ಲರೂ ನಮ್ಮವರನ್ನೇ ಬೈಯುತ್ತಿದ್ದೀರಿ, ಬೈಯಿರಿ. ಆದರೆ ಇಲ್ಲಿ ಒಬ್ಬರೂ ಗ್ರಾಂಟ್ ಮೇಲಿನ ತೆರಿಗೆ ಮಾತು ಎತ್ತಲಿಲ್ಲ. 2015ರ ತಿದ್ದುಪಡಿಯ ನಂತರ ಸರ್ಕಾರದ ಗ್ರಾಂಟ್ ಕೂಡ ಆದಾಯವೇ. ಉಪಕರಣಕ್ಕೆ ಬಂದ ಹಣವನ್ನು ಆ ಉಪಕರಣದ ಬೆಲೆಯಿಂದ ಕಳೆಯಬೇಕು. ಉಳಿದದ್ದು ಖರ್ಚಿನ ಎದುರು ಹೋಗುತ್ತದೆ. ಮಾರ್ಚ್ ಕೊನೆಗೆ ಕಂತು ಬಂದು ಖರ್ಚಾಗದೆ ಕೂತರೆ ಅದನ್ನು ಹೇಗೆ ತೋರಿಸಬೇಕು ಅಂತ ಲೆಕ್ಕ ಬರೆಯುವವನಿಗೆ ಗೊತ್ತಿರಬೇಕು. 8,500ಕ್ಕೆ ವರ್ಷದ ಲೆಕ್ಕ ಮುಗಿಸುವವನಿಗೆ ಗೊತ್ತಿರುತ್ತದಾ, ನೀವೇ ಹೇಳಿ.

ಪಿಪೆಟ್ಟು:
20,000 ಇಸಿದುಕೊಂಡವನಿಗೂ ಗೊತ್ತಿರಲಿಲ್ಲ ಸರ್. ನೋಟಿಸ್ ಬಂದ ಮೇಲೆ ನನ್ನನ್ನೇ ಕೇಳಿದ, ಈ ಗ್ರಾಂಟ್ ಹಣ ಏನು ಅಂತ.

ಬ್ಯಾಲೆನ್ಸ್ ಶೀಟ್:
ಮಂಜೂರಾತಿ ಪತ್ರ ಅವರಿಗೆ ಕೊಟ್ಟಿದ್ದಿರಾ?

ಪಿಪೆಟ್ಟು:
ಈಮೇಲ್‌ನಲ್ಲಿ ಕಳಿಸಿದ್ದೆ. ಓದಲು ಬೇರೆ ಫೀಸಾ?

ಬ್ಯಾಲೆನ್ಸ್ ಶೀಟ್:
ನಿಮ್ಮಂಥ ಕಕ್ಷಿದಾರರಿಗೆ ಹೌದು.