ಕುದಿ ಬಂದ ಮೇಲೆ ಗ್ಯಾಸ್ ಆರಿಸಿ, ಪಾತ್ರೆಗೆ ಕಂಬಳಿ ಹೊದಿಸಿ: ಎನರ್ಜಿ ಆಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ ಹತ್ತಿರದ ತೋಟದ ಮನೆಯಿಂದ)

ಸರ್, ನಮಸ್ಕಾರ. ನೀವು ಹಾಸನದಲ್ಲಿ ಎನರ್ಜಿ ಆಡಿಟ್, ಅಂದರೆ ಇಂಧನ, ಕರೆಂಟು ಎಲ್ಲಿ ಪೋಲಾಗುತ್ತದೆ ಅಂತ ಲೆಕ್ಕ ಹಾಕುವ ಕೆಲಸ ಮಾಡುತ್ತೀರಿ ಅಂತ ಗ್ರೂಪಿನಲ್ಲಿ ಹೇಳಿದರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಆರು ಜನ. ಮಳೆಗಾಲದಲ್ಲಿ ಸಿಲಿಂಡರ್ ಗಾಡಿ ನಮ್ಮ ರಸ್ತೆಗೆ ಸರಿಯಾಗಿ ಬರುವುದಿಲ್ಲ, ಒಂದು ಸಿಲಿಂಡರ್ ತಿಂಗಳು ಪೂರ್ತಿ ಬಂದರೆ ಹೆಚ್ಚು. ಅಂಗಡಿಯಲ್ಲಿ ಕರೆಂಟಿನ ಸ್ಲೋ ಕುಕ್ಕರ್ ತೋರಿಸಿ "ಒಂದು ಬಲ್ಬಿನಷ್ಟೇ ಕರೆಂಟು ಮೇಡಂ" ಅಂದರು. ನನ್ನ ತಂಗಿ ಮಾತ್ರ ಅದೇನೂ ಬೇಡ ಅಕ್ಕ, ಪಾತ್ರೆ ಕುದಿಸಿ ಕಂಬಳಿ ಸುತ್ತಿಡು, ತಾನೇ ಬೇಯುತ್ತದೆ ಅನ್ನುತ್ತಾಳೆ. ಯಾರ ಮಾತು ನಂಬಲಿ?

ಉತ್ತರ

ನಿಮ್ಮ ತಂಗಿಯವರ ಮಾತು ನಂಬಿ ಮೇಡಂ. ಸ್ಲೋ ಕುಕ್ಕರ್ ಕೆಟ್ಟ ವಸ್ತು ಅಲ್ಲ, ಆದರೆ ಬಲ್ಬಿನ ಲೆಕ್ಕ ಸುಳ್ಳು. ಮನೆಯ ಎಲ್‌ಇಡಿ ಬಲ್ಬು 9 ವಾಟ್. ಸ್ಲೋ ಕುಕ್ಕರ್ ಸುಮಾರು 150ರಿಂದ 300 ವಾಟ್ ಎಳೆಯುತ್ತದೆ, ಅದೂ ಆರೆಂಟು ಗಂಟೆ. ಒಂದು ಅಡುಗೆಗೆ ಒಂದೂವರೆ ಯೂನಿಟ್ ಹತ್ತಿರ ಹೋಗುತ್ತದೆ.

ನಾನು ಹೆಚ್ಚಾಗಿ ನೋಡುವುದು ಅಕ್ಕಿ ಗಿರಣಿ, ಕಾಫಿ ಕ್ಯೂರಿಂಗ್ ಕಡೆಯ ಕೆಲಸ. ಬಾಯ್ಲರ್ ಇದ್ದ ಕಡೆ ನಾನು ಮೊದಲು ಬರೆದುಕೊಡುವ ಮಾತು ಒಂದೇ: ಸ್ಟೀಮ್ ಪೈಪಿಗೆ ಹೊದಿಕೆ ಹಾಕಿಸಿ. ಹಾಗೆ ಬರೆದುಕೊಟ್ಟು ಮನೆಗೆ ಬಂದರೆ ನಮ್ಮದೇ ಸಾರಿನ ಪಾತ್ರೆ ಬರಿಮೈಯಲ್ಲಿ ಒಲೆ ಮೇಲೆ ಒಂದು ಗಂಟೆ ಕುದಿಯುತ್ತಿತ್ತು. ಅದನ್ನು ನೋಡಿದ ಮೇಲೆ ಮನೆಯಲ್ಲಿ ತೂಕ ಮಾಡಿ ನೋಡೋಣ ಅನ್ನಿಸಿತು.

ನೀರು ಒಮ್ಮೆ ಕುದಿಯಲು ಶುರುವಾದರೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಏರುವುದಿಲ್ಲ. ಹೆಚ್ಚಿನ ಉರಿಯೆಲ್ಲ ಆವಿಯಾಗಿ ಹಾರಿಹೋಗುತ್ತದೆ. ತಣ್ಣೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ, ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಸುಮಾರು ಏಳರಷ್ಟು ಬೇಕು. ಅಂದರೆ ಮುಚ್ಚಳ ತೆಗೆದು ಭರ್ ಅಂತ ಕುದಿಸುವಾಗ ಗ್ಯಾಸೆಲ್ಲ ಹೋಗುವುದು ಅಡುಗೆಮನೆಯ ಕಿಟಕಿಯ ಆವಿಗೆ, ಕಾಳಿಗೆ ಅಲ್ಲ. ಕಾಳು ಬೇಯಲು ಕುದಿತವೇ ಬೇಕು ಅಂತಿಲ್ಲ, 85 ಡಿಗ್ರಿ ಮೇಲೆ ಬಿಸಿ ನಿಂತರೆ ಸಾಕು, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಆ ಬಿಸಿ ಹೊರಗೆ ಹೋಗದ ಹಾಗೆ ಹಿಡಿದಿಡುವುದಕ್ಕೆ ಗ್ಯಾಸೂ ಬೇಡ, ಕರೆಂಟೂ ಬೇಡ.

ನಾನು 5 ಕೆಜಿಯ ಸಣ್ಣ ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ನೋಡಿದೆ. ನೆನೆಸಿದ ಹುರುಳಿಕಾಳು, ಮೂರು ಲೀಟರ್ ನೀರು. ಒಲೆ ಮೇಲೇ ಬೇಯಿಸಿದ ದಿನ 90 ಗ್ರಾಂ ಹೋಯಿತು. ಹತ್ತು ನಿಮಿಷ ಕುದಿಸಿ ಪೆಟ್ಟಿಗೆಗೆ ಇಟ್ಟ ದಿನ 50 ಗ್ರಾಂ. ನಿಮ್ಮ ತೋಟದಲ್ಲಿ ಹಣ್ಣು ತೂಗುವ ತಕ್ಕಡಿ ಇರುತ್ತದೆ ಅಲ್ವಾ? ದೊಡ್ಡ ಸಿಲಿಂಡರಿನಲ್ಲಿ ಇರುವುದು 14.2 ಕೆಜಿ ಗ್ಯಾಸ್, ಖಾಲಿ ತೂಕ ಅದರ ಮೇಲೇ ಬರೆದಿರುತ್ತದೆ. ವಾರಕ್ಕೊಮ್ಮೆ ತೂಗಿ ಬರೆದಿಡಿ, ಆಗ ನನ್ನ ಮಾತನ್ನೂ ನಂಬಬೇಕಾಗಿಲ್ಲ.

ಅವರೇ ಮತ್ತೆ

ಪೆಟ್ಟಿಗೆ ಅಂದಿರಲ್ಲ ಸರ್, ಅದು ಹೇಗೆ? ಕೊಂಡು ತರಬೇಕಾ?

ಉತ್ತರ

ಬೇಡ. ಸಾರಿನ ಪಾತ್ರೆಗಿಂತ ಎಲ್ಲ ಕಡೆ ನಾಲ್ಕು ಬೆರಳಲ್ಲ, ನಾಲ್ಕು ಇಂಚು ದೊಡ್ಡದಿರುವ ಬಿದಿರಿನ ಬುಟ್ಟಿಯೋ ರಟ್ಟಿನ ಪೆಟ್ಟಿಗೆಯೋ ತಗೊಳ್ಳಿ. ಒಳಗೆ ಗೋಣಿಚೀಲ ಹಾಸಿ. ಅದರೊಳಗೆ ಒಣಗಿದ ಭತ್ತದ ಹುಲ್ಲು ತುಂಬಿ, ಮಧ್ಯದಲ್ಲಿ ಪಾತ್ರೆಯನ್ನೇ ಒತ್ತಿ ಗೂಡು ಮಾಡಿ, ಕೋಳಿ ಮೊಟ್ಟೆ ಇಡುವ ಗೂಡಿನ ಹಾಗೆ. ಹುಲ್ಲನ್ನು ಗಟ್ಟಿಯಾಗಿ ಅದುಮಬೇಡಿ. ಬಿಸಿ ಹಿಡಿಯುವುದು ಹುಲ್ಲಲ್ಲ, ಹುಲ್ಲಿನ ನಡುವೆ ಅಲ್ಲಾಡದೆ ನಿಂತ ಗಾಳಿ. ಉಮಿ ಸಿಕ್ಕರೆ ಅದನ್ನೂ ಹಳೆ ದಿಂಬಿನ ಕವರಿಗೆ ತುಂಬಿ ಸುತ್ತ ಇಡಬಹುದು. ಮುಚ್ಚಳದ ಮೇಲೆ ದಪ್ಪ ಹತ್ತಿ ದಿಂಬು, ಅದರ ಮೇಲೆ ಕಂಬಳಿ. ಎಲ್ಲರೂ ತಪ್ಪುವುದು ಈ ಮೇಲಿನ ದಿಂಬಿನಲ್ಲೇ. ಸುತ್ತಲೂ ಚೆನ್ನಾಗಿ ಕಟ್ಟಿ ಮೇಲೆ ಒಂದು ಟವೆಲ್ ಹಾಕಿ ಬಿಡುತ್ತಾರೆ, ಆವಿ ಅಲ್ಲಿಂದಲೇ ಹೋಗುತ್ತದೆ.

ಥರ್ಮಾಕೋಲ್ ಪೆಟ್ಟಿಗೆ ಇದ್ದರೆ ಪಾತ್ರೆಗೆ ಮೊದಲು ದಪ್ಪ ಬಟ್ಟೆ ಸುತ್ತಿ, ಕುದಿಯುವ ಪಾತ್ರೆ ನೇರ ತಾಗಿದರೆ ಅದು ಮೆತ್ತಗಾಗುತ್ತದೆ. ಪಾತ್ರೆ ಮುಕ್ಕಾಲು ತುಂಬಿರಬೇಕು. ನಾಲ್ಕೈದು ಲೀಟರ್ ಸಾರು ನಮ್ಮ ಪೆಟ್ಟಿಗೆಯಲ್ಲಿ ಗಂಟೆಗೆ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಒಂದೇ ಲೀಟರ್ ಇದ್ದರೆ ಅದರ ಎರಡರಷ್ಟು ಬೇಗ ಆರುತ್ತದೆ. ಹಾಗಾಗಿ ಇಬ್ಬರೇ ಇರುವ ಮನೆಗೆ ಇದು ಅಷ್ಟು ಒಗ್ಗುವುದಿಲ್ಲ, ನಿಮ್ಮ ಆರು ಜನರ ಮನೆಗೆ ಹೇಳಿ ಮಾಡಿಸಿದ ಹಾಗಿದೆ.

ಒಂದು ಮಲೆನಾಡಿನ ತೊಂದರೆ ಇದೆ. ಆವಿ ಕುಡಿದ ಹುಲ್ಲು ಮಳೆಗಾಲದಲ್ಲಿ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಬಚ್ಚಲೊಲೆ ಹತ್ತಿರ ಹರಡಿ ಒಣಗಿಸಿ, ಕಿಡಿ ಹಾರದಷ್ಟು ದೂರ ಇರಲಿ.

ಕೇರಳದಲ್ಲಿ ಇದಕ್ಕೆ ಚೂಡಾರಾಪೆಟ್ಟಿ ಅನ್ನುತ್ತಾರೆ, ಜನರಿಗೆ ವಿಜ್ಞಾನ ಹೇಳಿಕೊಡುವ ಅಲ್ಲಿನ ಸಂಘಟನೆ ಶಾಸ್ತ್ರ ಸಾಹಿತ್ಯ ಪರಿಷತ್ತು ಮನೆಮನೆಗೆ ಹೇಳಿಕೊಟ್ಟ ಪೆಟ್ಟಿಗೆ ಇದು. ಘಟ್ಟದ ಕೆಳಗೆ ಕುಚ್ಚಲಕ್ಕಿ ಬೇಯಿಸುವ ಸ್ಟೀಲಿನ ಥರ್ಮಲ್ ಕುಕ್ಕರ್ ಕೂಡ ಇದೇ ಜಾತಿಯದು.

ಪ್ರಶ್ನೆ (ಹಾಸನ ಪೇಟೆಯಿಂದ)

ಅಣ್ಣ, ನಾನು ಸ್ಲೋ ಕುಕ್ಕರ್ ಆಗಲೇ ತಂದುಬಿಟ್ಟಿದ್ದೇನೆ, ಕಾಲು ಸೂಪಿಗೆ ಅಂತ. ಕರೆಂಟು ಹೇಗೂ ಗೃಹಜ್ಯೋತಿ, ಫ್ರೀ. ಉಪಯೋಗಿಸಿದರೆ ತಪ್ಪೇನು?

ಉತ್ತರ

ತಪ್ಪೇನಿಲ್ಲ. ಕಾಲು ಸೂಪಿಗೆ ಅದು ಒಳ್ಳೆಯ ಸಾಧನ, ಮೂಳೆಗೆ ಅಂಟಿದ ನರವೆಲ್ಲ ನಿಧಾನಕ್ಕೆ ಕರಗಿ ಗಂಜಿಯ ಹಾಗೆ ಗಟ್ಟಿ ಬರುತ್ತದೆ. ಆದರೆ ಫ್ರೀ ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ. 2023ರಲ್ಲಿ ಗೃಹಜ್ಯೋತಿ ಬಂದಾಗ ಮಾಡಿದ ಲೆಕ್ಕ ಹೀಗಿದೆ: 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡ 10 ಸೇರಿಸಿ ಅಷ್ಟು ಉಚಿತ, ಮೇಲಿನದಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಿನಾ ಒಂದೂವರೆ ಯೂನಿಟ್ ಅಂದರೆ ತಿಂಗಳಿಗೆ 45. ಭಾನುವಾರಕ್ಕೊಮ್ಮೆ ಸೂಪು ಮಾಡಿದರೆ ಆರೇಳು ಯೂನಿಟ್, ಅದು ಗೊತ್ತೂ ಆಗುವುದಿಲ್ಲ. ದಿನದ ಬೇಳೆಗೆ ಮಾತ್ರ ಅದನ್ನು ಹಾಕಬೇಡಿ.

ಇನ್ನೊಂದು. ಕರೆಂಟು ಹೋದರೆ ಏನು ಅನ್ನುವುದನ್ನು ಮೊದಲೇ ಯೋಚಿಸಿಡಿ. ನೀವು ಮನೆಯಲ್ಲಿದ್ದರೆ ತಕ್ಷಣ ಒಲೆಗೆ ಹಾಕಿ ಬೇಯಿಸಿ ಮುಗಿಸಿ. ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋಗಿ ಸಂಜೆ ಬಂದಾಗ ಮಧ್ಯೆ ಎಷ್ಟು ಹೊತ್ತು ಕರೆಂಟು ಇರಲಿಲ್ಲ ಅಂತ ಗೊತ್ತಿಲ್ಲದಿದ್ದರೆ, ಆ ಮಾಂಸ ತಿನ್ನಬೇಡಿ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತ ಅಂದುಕೊಳ್ಳುತ್ತಾರೆ, ಆದರೆ ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಪ್ರಶ್ನೆ (ಚಿಕ್ಕಮಗಳೂರಿಂದ)

ನಾವು ಮಂಗಳೂರಿನಿಂದ ಇಲ್ಲಿಗೆ ಬಂದು ಎರಡು ವರ್ಷವಾಯಿತು ಸರ್. ಅಲ್ಲಿ ಬರಿ ಪಾತ್ರೆಯಲ್ಲಿ ಬೇಯುತ್ತಿದ್ದ ಕಡಲೆ ಇಲ್ಲಿ ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಕಂಬಳಿ ಸುತ್ತಿದರೆ ಇನ್ನೂ ಕಷ್ಟ ಅಲ್ವಾ?

ಉತ್ತರ

ನಿಮಗೆ ಅನ್ನಿಸಿದ್ದು ನಿಜ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ಮಂಗಳೂರು ಸಮುದ್ರದ ಪಕ್ಕ, ಅಲ್ಲಿ 100. ಚಿಕ್ಕಮಗಳೂರು ಸಾವಿರ ಮೀಟರ್ ದಾಟಿದ ಊರು, ಇಲ್ಲಿ 96-97ಕ್ಕೇ ಕುದಿ ಬಂದುಬಿಡುತ್ತದೆ. ಆ ಮೂರು ನಾಲ್ಕು ಡಿಗ್ರಿ ಕಡಲೆಗೆ ಗೊತ್ತಾಗುತ್ತದೆ.

ಅದಕ್ಕೆ ನಮ್ಮ ಕಡೆ ಪ್ರೆಶರ್ ಕುಕ್ಕರನ್ನೂ ಕಂಬಳಿಯನ್ನೂ ಜೊತೆ ಮಾಡಬೇಕು. ರಾತ್ರಿ ನೆನೆಸಿದ ಕಡಲೆಯನ್ನು ಕುಕ್ಕರಿನಲ್ಲಿ ಎರಡು ಸಲ ಕೂಗಿಸಿ, ಗ್ಯಾಸ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಅಲ್ಲಾಡಿಸದೆ ನಿಧಾನಕ್ಕೆ ಎತ್ತಿ ಪೆಟ್ಟಿಗೆಗೆ ಇಟ್ಟು ಹೊದಿಸಿ. ವೆಯ್ಟ್ ಎತ್ತಬೇಡಿ. ಬರಿ ಕಟ್ಟೆ ಮೇಲೆ ಬಿಟ್ಟ ಕುಕ್ಕರ್ ಹದಿನೈದು ಇಪ್ಪತ್ತು ನಿಮಿಷಕ್ಕೆ ಪ್ರೆಶರ್ ಇಳಿಸಿಬಿಡುತ್ತದೆ. ಹೊದಿಸಿದರೆ ಅದಕ್ಕಿಂತ ಎಷ್ಟೋ ಹೊತ್ತು 100 ಡಿಗ್ರಿ ಮೇಲೇ ಇರುತ್ತದೆ, ಆ ಹೊತ್ತೆಲ್ಲ ಕಡಲೆ ಬೇಯುತ್ತಲೇ ಇರುತ್ತದೆ. ಆರು ವಿಷಲ್ ಕೂಗಿಸುವ ಅಭ್ಯಾಸ ಬಿಡಿ. ಪ್ರತಿ ಕೂಗೂ ಕಾಯಿಸಿದ ಆವಿಯನ್ನು ಹೊರಗೆ ಚೆಲ್ಲಿದ ಹಾಗೆ. ಒಲೆ ಉರಿಯುವಾಗ ಮಾತ್ರ ಕುಕ್ಕರಿಗೆ ಯಾವ ಬಟ್ಟೆಯನ್ನೂ ಸುತ್ತಬೇಡಿ, ಬೆಂಕಿಯ ಭಯ ಒಂದು ಕಡೆ, ಆವಿ ಹೋಗುವ ದಾರಿ ಮುಚ್ಚಿದರೆ ಅದು ಇನ್ನೂ ದೊಡ್ಡ ಅಪಾಯ.

ಕಡೂರಿನಿಂದ ಇನ್ನೊಬ್ಬರು

ನಮ್ಮ ಊರು ಅಷ್ಟೇನೂ ಎತ್ತರ ಇಲ್ಲ ಸರ್, ಆದರೂ ತೊಗರಿಬೇಳೆ ಬೇಯುವುದಿಲ್ಲ.

ಉತ್ತರ

ಬೋರ್‌ವೆಲ್ ನೀರು ತಾನೇ? ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಬಿಗಿ ಮಾಡುತ್ತದೆ. ನೆನೆಸಲೂ ಬೇಯಿಸಲೂ ಮಳೆ ನೀರೋ ಫಿಲ್ಟರ್ ನೀರೋ ಹಾಕಿ ನೋಡಿ. ಹುಣಸೆ, ಟೊಮೆಟೊ ಬೆಂದ ಮೇಲೇ ಹಾಕಿ, ಹುಳಿ ಮೊದಲೇ ಬಿದ್ದರೆ ಪೆಟ್ಟಿಗೆಯಲ್ಲಿ ಸಂಜೆವರೆಗೆ ಇಟ್ಟರೂ ಬೇಯುವುದಿಲ್ಲ.

ಪ್ರಶ್ನೆ (ಸಕಲೇಶಪುರದಿಂದ)

ಕಾಫಿ ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಐದಕ್ಕೆ. ರಾಜ್ಮಾ ಕುದಿಸಿ ಪೆಟ್ಟಿಗೆಗೆ ಇಟ್ಟು ಹೋಗಬಹುದಾ?

ಉತ್ತರ

ಹತ್ತು ಗಂಟೆ ಆಗುತ್ತದೆ ಅಕ್ಕ, ಬೇಡ. ನಾಲ್ಕು ಗಂಟೆ, ತುಂಬಿದ ದೊಡ್ಡ ಪಾತ್ರೆಯಾದರೆ ಐದು, ಅದಕ್ಕಿಂತ ಜಾಸ್ತಿ ನಾನು ಯಾರಿಗೂ ಹೇಳುವುದಿಲ್ಲ. ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿದರೆ ಕೆಡುವ ಕೆಲಸ ಶುರುವಾಗುತ್ತದೆ, ಬೆಚ್ಚಗೆ ಮುಚ್ಚಿಟ್ಟ ಪಾತ್ರೆ ಆಗ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆ. ಅನ್ನವನ್ನಂತೂ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಡಲೇಬೇಡಿ. ಕಡ್ಡಿಯಂತಿರುವ ಅಡುಗೆ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. ತೆಗೆದಾಗ 60ರ ಮೇಲಿದ್ದರೆ ಒಂದು ಕುದಿ ಕುದಿಸಿ ಬಡಿಸಿ.

ರಾಜ್ಮಾಕ್ಕೆ ಬೇರೆಯದೇ ಎಚ್ಚರಿಕೆ ಇದೆ, ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಕೆಂಪು ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಒಂದು ವಿಷ ಸಹಜವಾಗೇ ಇರುತ್ತದೆ, ಅರೆಬೆಂದದ್ದನ್ನು ತಿಂದರೆ ಕೆಲವೇ ಗಂಟೆಯಲ್ಲಿ ವಾಂತಿ ಶುರು. ಜೋರು ಕುದಿತಕ್ಕೆ ಅದು ಹೋಗುತ್ತದೆ, ನಿಧಾನ ಬಿಸಿಗೆ ಹೋಗುವುದಿಲ್ಲ. ಐದು ಗಂಟೆಗೆ ಕಡಿಮೆ ಇಲ್ಲದೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆ ಪೆಟ್ಟಿಗೆಗೆ ಇಡಬಹುದು. ಕುಕ್ಕರಿನಲ್ಲೇ ಪೂರ್ತಿ ಬೇಯಿಸಿಬಿಟ್ಟರೆ ಇನ್ನೂ ನಿಶ್ಚಿಂತೆ. ನೆನೆಸಿದ್ದನ್ನು ನೇರ ಸ್ಲೋ ಕುಕ್ಕರಿಗೆ ಮಾತ್ರ ಹಾಕಲೇಬೇಡಿ.

ಪ್ರಶ್ನೆ (ಹೊಳೆನರಸೀಪುರದಿಂದ)

ಸರ್, ಮುದ್ದೆ ಆಗುತ್ತಾ ಇದರಲ್ಲಿ? ಅನ್ನ?

ಉತ್ತರ

ಮುದ್ದೆ ಉರಿ ಮೇಲೇ ಆಗಬೇಕು, ಕೋಲು ಹಾಕಿ ತಿರುವದೆ ಮುದ್ದೆ ಎಲ್ಲಿ ಆಗುತ್ತದೆ? ಮಾಡಿದ ಮೇಲೆ ಬಿಸಿಯಾಗಿ ಇಡಲು ಬೇಕಾದರೆ ಪೆಟ್ಟಿಗೆ ಬಳಸಿ.

ಅನ್ನ ಚೆನ್ನಾಗಿ ಆಗುತ್ತದೆ. ನಿಮ್ಮ ಕಡೆಯ ರಾಜಮುಡಿ ಅಕ್ಕಿಗೆ ಇದು ಬಹಳ ಒಪ್ಪುತ್ತದೆ, ಅದು ಬೇಯಲು ಹೊತ್ತು ಹಿಡಿಯುವ ಅಕ್ಕಿ. ಅರ್ಧ ಗಂಟೆ ನೆನೆಸಿ, ಏಳೆಂಟು ನಿಮಿಷ ಕುದಿಸಿ, ಮುಚ್ಚಿ ಮುಕ್ಕಾಲು ಗಂಟೆ ಪೆಟ್ಟಿಗೆಯಲ್ಲಿ ಬಿಡಿ. ಸೋನಾ ಮಸೂರಿಗೆ ನಾಲ್ಕು ನಿಮಿಷದ ಕುದಿ, ಅರ್ಧ ಗಂಟೆ ಪೆಟ್ಟಿಗೆ. ನೀರು ಆವಿಯಾಗುವುದಿಲ್ಲವಾದ್ದರಿಂದ ಯಾವಾಗಲೂ ಹಾಕುವುದಕ್ಕಿಂತ ಕಾಲು ಲೋಟ ಕಡಿಮೆ ಹಾಕಿ.

ಪ್ರಶ್ನೆ (ಶೃಂಗೇರಿ ಕಡೆಯಿಂದ)

ನಮ್ಮಲ್ಲಿ ಈಗಲೂ ಸೌದೆ ಒಲೆ ಇದೆ. ಅಮ್ಮ ರಾತ್ರಿ ಹಾಲನ್ನು ಕೆಂಡದ ಮೇಲೆ ಇಡುತ್ತಾರೆ. ಅದೂ ಇದೇ ಲೆಕ್ಕವಾ?

ಉತ್ತರ

ಅದೇ ಲೆಕ್ಕ. ಬೂದಿ ಮುಚ್ಚಿದ ಕೆಂಡದ ನಿಧಾನ ಬಿಸಿಯೇ ನಮ್ಮ ಅಜ್ಜಿಯರ ಸ್ಲೋ ಕುಕ್ಕರ್, ಆ ಹಾಲಿನ ಕೆನೆ ಗ್ಯಾಸಿನ ಮೇಲೆ ಬರುವುದಿಲ್ಲ ಅಲ್ವಾ. ಸೌದೆ ಉಳಿಸಬೇಕಾದರೆ ಒಲೆಯನ್ನೂ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ವಿಭಾಗ ಹಳ್ಳಿ ಮನೆಗಳಿಗಾಗಿಯೇ ಹೊಗೆ ಕೊಳವೆ ಇರುವ ಅಸ್ತ್ರ ಒಲೆ ರೂಪಿಸಿತು, ಉರಿ ಪಾತ್ರೆಗೇ ತಾಗುವ ಹಾಗೆ. ಅಮ್ಮನ ಕಣ್ಣಿಗೂ ಎದೆಗೂ ಹೊಗೆ ತಪ್ಪುತ್ತದೆ, ಸೌದೆಗಿಂತ ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ಮೂಡಿಗೆರೆಯವರು, ಹತ್ತು ದಿನದ ನಂತರ

ಸರ್, ಬುಟ್ಟಿ ಮಾಡಿದೆವು. ಅತ್ತೆಯವರ ಹಳೆ ಕರಿ ಕಂಬಳಿ ಹಾಕಿದ್ದೇವೆ. ಅಲಸಂದೆ ಸಾರು ಹನ್ನೊಂದಕ್ಕೆ ಇಟ್ಟು ಎರಡಕ್ಕೆ ತೆಗೆದರೆ ಮುಚ್ಚಳ ಎತ್ತಿದ ಕೂಡಲೇ ಕನ್ನಡಕ ಪೂರ್ತಿ ಮಂಜಾಯಿತು, ಕಾಳು ಬೆರಳಲ್ಲಿ ಒತ್ತಿದರೆ ಹಿಟ್ಟು. ಒಂದೂ ಒಡೆದಿರಲಿಲ್ಲ. ಆದರೆ ನಿನ್ನೆ ಹುರುಳಿ ಮಾತ್ರ ಗಟ್ಟಿ ಉಳಿಯಿತು, ಯಾಕೆ?

ಉತ್ತರ

ಎಷ್ಟು ಹೊತ್ತು ನೆನೆಸಿದ್ದಿರಿ?

ಅವರೇ

ಬೆಳಿಗ್ಗೆ ಎದ್ದು ನೆನೆಸಿದೆ, ಮೂರು ಗಂಟೆ ಇರಬಹುದು.

ಉತ್ತರ

ಹುರುಳಿಗೆ ಮೂರು ಗಂಟೆ ಸಾಲದು ಮೇಡಂ, ರಾತ್ರಿಯೇ ನೆನೆಹಾಕಿ. ಹಳೆ ಕಾಳಾದರೆ ಪೆಟ್ಟಿಗೆಗೆ ಇಡುವ ಮೊದಲು ಹತ್ತರ ಬದಲು ಇಪ್ಪತ್ತು ನಿಮಿಷ ಸಣ್ಣ ಬರ್ನರಿನಲ್ಲಿ, ಮುಚ್ಚಳ ಮುಚ್ಚಿ ಕುದಿಸಿ. ಮಧ್ಯೆ ಬೆಂದಿದೆಯಾ ಅಂತ ತೆಗೆದು ನೋಡಬೇಡಿ, ಒಂದು ಸಲ ತೆಗೆದರೆ ಮತ್ತೆ ಒಲೆ ಮೇಲಿಟ್ಟು ಕುದಿಗೆ ತಂದೇ ಒಳಗೆ ಇಡಬೇಕು. ಸಿಲಿಂಡರ್ ತೂಗಿದ್ದನ್ನು ಬರೆದಿಟ್ಟಿದ್ದರೆ ತಿಂಗಳು ತುಂಬಿದ ಮೇಲೆ ಇಲ್ಲೇ ಹಾಕಿ, ನಮ್ಮ ಮನೆಯ ಲೆಕ್ಕದ ಪಕ್ಕ ಇಟ್ಟು ನೋಡುತ್ತೇನೆ.