ಗಿಟಾರ್ ಆಂಪ್ಲಿಫೈಯರ್‌ನ ಫ್ಯೂಸ್ ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಕಾರವಾರದಿಂದ): ನಮಸ್ಕಾರ ಸರ್. ನಮ್ಮ ಚರ್ಚಿನ ಗಾಯನ ತಂಡದ 50 ವ್ಯಾಟಿನ ಟ್ರಾನ್ಸಿಸ್ಟರ್ ಗಿಟಾರ್ ಆಂಪ್ಲಿಫೈಯರ್ ಮಳೆಗಾಲವಿಡೀ ಕಡಲ ಬದಿಯ ಮನೆಯೊಂದರಲ್ಲಿ ಬಳಕೆಯಿಲ್ಲದೆ ಇತ್ತು. ಈಗ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ; ಅದೇ 1 ಆಂಪಿಯರಿನ ಹೊಸದನ್ನು ಹಾಕಿದರೂ ಉಳಿಯಲಿಲ್ಲ. 5 ಆಂಪಿಯರಿನದು ಹಾಕಿ ನೋಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಬೆಸುಗೆ ಮತ್ತು ಮಲ್ಟಿಮೀಟರ್ ಬಳಕೆ ನನಗೆ ಗೊತ್ತಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಶಿರಸಿಯಿಂದ): 5 ಆಂಪಿಯರಿನದು ಖಂಡಿತ ಬೇಡ. ಈಗ ಸುಡುತ್ತಿರುವುದು ಫ್ಯೂಸ್ ಮಾತ್ರ, ಆಗ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಹೋದ ಫ್ಯೂಸಿನ ಗಾಜು ಒಳಗಿನಿಂದ ಕಪ್ಪಾಗಿದ್ದರೆ ನೇರ ಶಾರ್ಟ್ ಇದೆ ಎಂದೇ ತಿಳಿಯಿರಿ.

ಮೊದಲು ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಎರಡು ಕಾಲುಗಳ ನಡುವೆ 1 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಅರ್ಧ ನಿಮಿಷ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಸ್ಪೀಕರ್ ತಂತಿಯನ್ನೂ ಬಿಚ್ಚಿಡಿ. ಅನಂತರ ಫೇಸ್ ತಂತಿಗೆ 100 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಸರಣಿಯಲ್ಲಿ ಜೋಡಿಸಿ (ಶಾರ್ಟ್ ಇದ್ದರೆ ಫ್ಯೂಸ್ ಸುಡುವ ಬದಲು ಬಲ್ಬು ಬೆಳಗುತ್ತದೆ; ಎಲ್‌ಇಡಿ ಬಲ್ಬು ಇದಕ್ಕೆ ಬಾರದು), ಟ್ರಾನ್ಸ್‌ಫಾರ್ಮರಿನಿಂದ ಬೋರ್ಡಿಗೆ ಹೋಗುವ ತಂತಿಗಳನ್ನು ಕಳಚಿ ಸ್ವಿಚ್ ಹಾಕಿ. ಆಗಲೂ ಬಲ್ಬು ಪೂರ್ತಿ ಬೆಳಗಿದರೆ ದೋಷ ಟ್ರಾನ್ಸ್‌ಫಾರ್ಮರಿನಲ್ಲೇ ಇದೆ. ಬೆಳಗದಿದ್ದರೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರಿನ ನಾಲ್ಕೂ ಡಯೋಡುಗಳನ್ನು ಮೀಟರಿನ ಡಯೋಡ್ ಸ್ಥಾನದಲ್ಲಿ ಪರೀಕ್ಷಿಸಿ. ಒಂದು ದಿಕ್ಕಿನಲ್ಲಿ 0.5ರಿಂದ 0.7 ಬರಬೇಕು, ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದದ್ದು ಸತ್ತಿದೆ. ಹೊಸ ಬ್ರಿಜ್ ಹಾಕುವ ಮುನ್ನ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಕಲೆಕ್ಟರ್–ಎಮಿಟರ್ ನಡುವೆ ಶಾರ್ಟ್ ಇದೆಯೇ ಎಂದು ನೋಡಲು ಮರೆಯಬೇಡಿ, ಅಲ್ಲಿ ಶಾರ್ಟ್ ಇದ್ದರೆ ಹೊಸ ಬ್ರಿಜ್ಜೂ ಅದೇ ದಾರಿ ಹಿಡಿಯುತ್ತದೆ.

ಘಟ್ಟದ ಮೇಲೆ ಬೂಷ್ಟು, ಕೆಳಗೆ ಉಪ್ಪುಗಾಳಿ. ನಮ್ಮ ಜಿಲ್ಲೆಯ ಯಂತ್ರಗಳಿಗೆ ಎರಡೂ ಶತ್ರುಗಳೇ. ಫ್ಯೂಸ್ ಕ್ಲಿಪ್ಪಿನ ಹಸಿರು ಕಿಲುಬನ್ನು ಉಜ್ಜಿ ತೆಗೆಯಿರಿ, ಆದರೆ ಫ್ಯೂಸ್ ಸುಡುವುದಕ್ಕೆ ಅದೇ ಕಾರಣವೆಂದು ಅಲ್ಲಿಗೇ ನಿಲ್ಲಿಸಬೇಡಿ.

ಪ್ರಶ್ನೆ: ತಾವು ಹೇಳಿದಂತೆಯೇ ಒಂದು ಡಯೋಡ್ ಎರಡೂ ಕಡೆ ಸೊನ್ನೆ ತೋರಿಸಿತು, ಟ್ರಾನ್ಸಿಸ್ಟರುಗಳು ಸರಿಯಿವೆ. ಬ್ರಿಜ್ ಬದಲಿಸಿದ ಮೇಲೆ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಟ್ರಾನ್ಸ್‌ಫಾರ್ಮರ್ 24–0–24, ಎರಡೂ ಬದಿಯ ಡಿಸಿ 33 ವೋಲ್ಟಿನ ಆಸುಪಾಸಿನಲ್ಲಿದೆ. ಆದರೆ ಪ್ರೀಆಂಪಿನ (ಗಿಟಾರಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಭಾಗ) ಐಸಿಗೆ ಪ್ಲಸ್ 15 ವೋಲ್ಟ್ ಬರುತ್ತಿದೆ, ಮೈನಸ್ ಬದಿಯಲ್ಲಿ ಸೊನ್ನೆ. ಅಲ್ಲಿನ ಒಂದು ರೆಸಿಸ್ಟರಿನ ಬುಡದಲ್ಲಿ ಬೋರ್ಡು ಕಂದಾಗಿದೆ.

ಉತ್ತರ: 24 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿದರೆ 34 ಬರುತ್ತದೆ. ಡಯೋಡುಗಳಲ್ಲಿ ಮತ್ತು ಬಲ್ಬಿನಲ್ಲಿ ಸ್ವಲ್ಪ ಕಳೆಯುವುದರಿಂದ 33 ಸರಿಯೇ. ಮೈನಸ್ ಬದಿಯ ಝೀನರ್ (ವೋಲ್ಟೇಜು ಒಂದು ಮಟ್ಟ ಮೀರದಂತೆ ತಡೆಯುವ ಡಯೋಡ್) ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಕರೆಂಟ್ ತೆಗೆದು ಅದರ ಒಂದು ಕಾಲನ್ನು ಎತ್ತಿ ಅಳೆಯಿರಿ. ಝೀನರ್ ಇಲ್ಲದೆ ಮಾತ್ರ ಸ್ವಿಚ್ ಹಾಕಬೇಡಿ: ಟಿಎಲ್072 ಜಾತಿಯ ಐಸಿಯ ಮಿತಿ ಪ್ಲಸ್–ಮೈನಸ್ 18, ಝೀನರಿನ ತಡೆಯಿಲ್ಲದಿದ್ದರೆ ಅದಕ್ಕಿಂತ ಹೆಚ್ಚು ಏರಬಹುದು. ಕಾಯ್ದ ರೆಸಿಸ್ಟರನ್ನು ಅದೇ ಬೆಲೆಯ, ತುಸು ಹೆಚ್ಚು ವ್ಯಾಟಿನದರಿಂದ ಬದಲಿಸಿ, ಬೋರ್ಡಿನಿಂದ ಸ್ವಲ್ಪ ಎತ್ತರಿಸಿ ಕೂರಿಸಿ.

ಎಲ್ಲ ಮುಗಿದ ಮೇಲೆ ಔಟ್‌ಪುಟ್ಟಿನಲ್ಲಿ ಡಿಸಿ ಅಳೆದು, 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಸ್ಪೀಕರ್ ಜೋಡಿಸಿ. ಆಗಲೂ ಗುಂಯ್‌ಗುಡುವ ಸದ್ದು ಉಳಿದರೆ ದೊಡ್ಡ ಕೆಪಾಸಿಟರುಗಳ ಬೆಲೆ ಮತ್ತು ವೋಲ್ಟೇಜ್ ಬರೆದು ಕಳಿಸಿ.