ಸಹಾಯ ಬೇಕು: ಕೀಮೋಗೆ ಮುಂಚೆ 16,000 ಹರ್ಟ್ಜ್‌ವರೆಗಿನ ಕಿವಿ ಪರೀಕ್ಷೆ ಎಲ್ಲಿ ಮಾಡುತ್ತಾರೆ?

ನಮಸ್ಕಾರ. ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಶುರುವಾಗಲಿರುವ ರೋಗಿಗಳಿಗಾಗಿ ಕೇಳುತ್ತಿದ್ದೇವೆ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಕಡೆ ಈ ಪರೀಕ್ಷೆ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪ್ರತಿ ಸಲ ಮೈಸೂರಿನ ಆಯಿಷ್‌ಗೆ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಓಡಾಡುವಷ್ಟು ತ್ರಾಣ ಕೀಮೋ ನಡುವೆ ಇರುವುದಿಲ್ಲ.

ಮಾಮೂಲಿ ಆಡಿಯೋಗ್ರಾಮ್ (ಕಿವಿ ಪರೀಕ್ಷೆ) 8,000 ಹರ್ಟ್ಜ್‌ಗೇ ನಿಲ್ಲುತ್ತದೆ. ಈ ಔಷಧಿ ಒಳಗಿವಿಯ ಶಂಖದ ಬುಡದಲ್ಲಿರುವ, ಎತ್ತರದ ಸ್ವರಗಳನ್ನು ಗ್ರಹಿಸುವ ರೋಮಕೋಶಗಳನ್ನು ಮೊದಲು ಕೊಲ್ಲುವುದರಿಂದ ಹಾನಿ ಶುರುವಾಗುವುದೇ ಅದಕ್ಕಿಂತ ಮೇಲೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. 'ಸಾಕು' ಅಂದದ್ದು 'ಆಕು' ಅಂತ ಕೇಳಿಸುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲ ಡೋಸ್‌ಗೆ ಮುಂಚೆ ಒಂದು ಪರೀಕ್ಷೆ ಆಗಲೇಬೇಕು, ಆಮೇಲೆ ಪ್ರತಿ ಡೋಸ್‌ಗೂ ಮುಂಚೆ. ಮೊದಲ ಪರೀಕ್ಷೆಗಿಂತ ಯಾವುದೇ ಒಂದು ಆವರ್ತನದಲ್ಲಿ (ಹರ್ಟ್ಜ್‌ನಲ್ಲಿ ಅಳೆಯುವ ಸ್ವರದ ಎತ್ತರ) 20 ಡೆಸಿಬೆಲ್, ಇಲ್ಲವೇ ಅಕ್ಕಪಕ್ಕದ ಎರಡರಲ್ಲಿ 10 ಡೆಸಿಬೆಲ್‌ನಷ್ಟು ಶ್ರವಣ ಕುಗ್ಗಿದ್ದರೆ ಮುಂದಿನ ಡ್ರಿಪ್‌ಗೆ ಮೊದಲೇ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಕಿವಿಯಲ್ಲಿ ಗುಂಯ್‌ಗುಡುವ ಶಬ್ದ ಬಂದರೂ ಹೇಳಿ. ಆದರೆ ಹೆದರಿ ನೀವೇ ಕೀಮೋ ತಪ್ಪಿಸಬೇಡಿ. ಜೊತೆಗೆ ಫ್ಯೂರೋಸಮೈಡ್ (ಮೂತ್ರ ಹೆಚ್ಚಿಸುವ ಔಷಧಿ), ಜೆಂಟಾಮೈಸಿನ್ (ಆಂಟಿಬಯೋಟಿಕ್) ಕೊಡುತ್ತಿದ್ದರೆ ಕಿವಿಗೆ ಪೆಟ್ಟು ಹೆಚ್ಚು. ಬದಲಿ ಇದೆಯೇ ಅಂತ ಕೇಳಿ.

ಇನ್ನೊಂದು ಪ್ರಶ್ನೆ: ಗಡ್ಡೆ ಬೇರೆಡೆ ಹರಡದ ಮಕ್ಕಳಿಗೆ ಸಿಸ್ಪ್ಲಾಟಿನ್ ಮುಗಿದ 6 ಗಂಟೆಗೆ ಕಿವಿ ಉಳಿಸಲು ಸೋಡಿಯಂ ಥಯೋಸಲ್ಫೇಟ್ ಎಂಬ ಔಷಧಿ ಕೊಡುವ ಕ್ರಮವಿದೆ. ಕರ್ನಾಟಕದಲ್ಲಿ ಎಲ್ಲಿ ಕೊಡುತ್ತಿದ್ದಾರೆ?

ಉತ್ತರಿಸುವವರು ಊರು, ಖರ್ಚು, ಪರೀಕ್ಷೆಯ ಹೆಡ್‌ಫೋನ್ ಕ್ಯಾಲಿಬ್ರೇಶನ್ (ಶಬ್ದದ ಅಳತೆ ಸರಿ ಇದೆಯೇ ಎಂಬ ತಪಾಸಣೆ) ಆದ ದಿನಾಂಕ ಮೂರನ್ನೂ ಬರೆಯಿರಿ.